ಅಕ್ಷಯಪಾತ್ರೆಯ ಅಳತೆ

(ಬಾನುಲಿ ಭಾಷಣ)

ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಇಂದು ಮನೆಯ ತಾರಸಿಯ ಮೇಲೆ ಸೌರವಿದ್ಯುತ್ತನ್ನು ಅಳವಡಿಸಿಕೊಳ್ಳುವ ವಿಚಾರವಾಗಿ ಮಾತನಾಡಹೊರಟಿದ್ದೇನೆ. ಷಟ್ಪದಿಯ ಲಕ್ಷಣವನ್ನೋ ಹಳಗನ್ನಡದ ವಿಭಕ್ತಿಯನ್ನೋ ಕುರಿತು ಹೇಳಬೇಕಾದವನಿಗೆ ಕಿಲೋವಾಟಿನ ಗೊಡವೆ ಏತಕ್ಕೆಂದು ತಾವು ಕೇಳಬಹುದು. ಈ ಗೊಡವೆ ನಾನಾಗಿ ಹುಡುಕಿಕೊಂಡು ಹೋದದ್ದಲ್ಲ; ನನ್ನ ಅಕ್ಕನ ಉಸಿರಿನ ದಾರಿಯಿಂದ ಅದು ನಮ್ಮ ಮನೆಗೆ ಬಂತು.

ಅಕ್ಕ ನನಗಿಂತ ಎಂಟು ವರ್ಷ ಹಿರಿಯಳು. ಭಾವನವರು ತೀರಿಕೊಂಡ ಮೇಲೆ 2023ರ ಕೊನೆಯಲ್ಲಿ ಮೈಸೂರಿನ ನಮ್ಮ ಮನೆಗೆ ಬಂದು ನೆಲೆಸಿದಳು. ಹರೆಯದಿಂದ ಸೌದೆ ಒಲೆಯ ಮುಂದೆ ಕುಳಿತು ಹೊಗೆ ಕುಡಿದ ಶ್ವಾಸಕೋಶ ಅವಳದು. ವೈದ್ಯರು ಇರುಳೆಲ್ಲ, ಹಗಲಿನಲ್ಲಿಯೂ ಕೆಲವು ಗಂಟೆ, ಆಮ್ಲಜನಕದ ಯಂತ್ರವನ್ನು ಹಾಕಿಕೊಳ್ಳಬೇಕೆಂದು ಹೇಳಿದರು. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಈ ಯಂತ್ರಕ್ಕೆ ಸುಮಾರು 350 ವಾಟ್ ವಿದ್ಯುತ್ತು ಬೇಕು. ದಿನಕ್ಕೆ ಹನ್ನೆರಡು ಗಂಟೆ ನಡೆದರೆ ನಾಲ್ಕು ಯೂನಿಟ್ಟು, ತಿಂಗಳಿಗೆ ನೂರಿಪ್ಪತ್ತು ಯೂನಿಟ್ಟು.

ಅದುವರೆಗೆ ನಮ್ಮ ಮನೆಯ ಬಳಕೆ ತಿಂಗಳಿಗೆ ನೂರರವತ್ತು ಯೂನಿಟ್ಟಿನ ಆಸುಪಾಸಿನಲ್ಲಿತ್ತು. 2023ರ ಜುಲೈಯಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿದಷ್ಟು ಬಳಕೆ, 200 ಯೂನಿಟ್ಟಿನ ಮಿತಿಯೊಳಗೆ, ಉಚಿತ. ಆ ಮಿತಿ ದಾಟಿದರೆ ಪೂರ್ತಿ ಬಿಲ್ಲು. ಅಕ್ಕ ಬಂದ ಮೇಲೆ ನಮ್ಮ ಬಳಕೆ 280ಕ್ಕೆ ಏರಿತು. ಸೊನ್ನೆಯಾಗಿದ್ದ ಬಿಲ್ಲು ಸಾವಿರವನ್ನು ದಾಟಿತು. ನಿವೃತ್ತಿವೇತನ ಬರುವ ಮನೆಗೆ ಅದು ಹೊರಲಾರದ ಹೊರೆಯೇನೂ ಅಲ್ಲ. ಆದರೆ ಒಂದು ಇರುಳು ಎಚ್ಚರವಾಗಿ ನೋಡುತ್ತೇನೆ, ಅಕ್ಕನ ಕೋಣೆಯಲ್ಲಿ ಯಂತ್ರದ ಸದ್ದಿಲ್ಲ. ಅವಳು ಗೋಡೆಗೆ ಒರಗಿ ಕುಳಿತು ಏದುಸಿರು ಬಿಡುತ್ತಿದ್ದಾಳೆ. "ಯಾಕಕ್ಕ ಆರಿಸಿದೆ?" ಎಂದೆ. "ನನ್ನ ಉಸಿರಿಗೂ ಬಿಲ್ಲು ಬರುತ್ತಲ್ಲೋ" ಎಂದಳು. ಮಾರನೆಯ ಬೆಳಗ್ಗೆಯೇ ಸೌರವಿದ್ಯುತ್ತಿನ ವಿಚಾರಣೆಗೆ ಹೊರಟೆ.

ಮೊದಲು ಬಂದ ವ್ಯಾಪಾರಿ ಬಹಳ ಮಾತುಗಾರ. ನಮ್ಮ ಏಪ್ರಿಲ್ ತಿಂಗಳ ಬಿಲ್ಲನ್ನು ಮಾತ್ರ ನೋಡಿ, "ಐದು ಕಿಲೋವಾಟ್ ಹಾಕಿಸಿಬಿಡಿ ಸಾರ್, ಇನ್ನು ಕರೆಂಟಿನ ಯೋಚನೆಯೇ ಬೇಡ" ಎಂದರು. ಸೂರ್ಯದೇವನು ಧರ್ಮರಾಯನಿಗೆ ಕೊಟ್ಟ ಅಕ್ಷಯಪಾತ್ರೆ ನನಗೆ ನೆನಪಾಯಿತು. ಆದರೆ ಆ ಕಥೆಯ ಅರ್ಧವನ್ನಷ್ಟೇ ಆಗ ನೆನೆದಿದ್ದೆ. ಪಾತ್ರೆಗೊಂದು ಕಟ್ಟಳೆಯಿತ್ತು, ದ್ರೌಪದಿ ಉಂಡ ಮೇಲೆ ಆ ದಿನಕ್ಕೆ ಅದು ಮತ್ತೆ ಕೊಡುತ್ತಿರಲಿಲ್ಲ. ದುರ್ವಾಸರು ಹತ್ತು ಸಾವಿರ ಶಿಷ್ಯರೊಡನೆ ಬಂದದ್ದು ಪಾತ್ರೆ ಬರಿದಾದ ಮೇಲೆಯೇ. ಸೂರ್ಯನ ಪಾತ್ರೆ ಎಷ್ಟು ಕೊಡುತ್ತದೆ ಎಂಬುದರ ಜೊತೆಗೆ ಯಾವಾಗ ಕೊಡುವುದಿಲ್ಲ ಎಂಬುದನ್ನೂ ಮೊದಲೇ ಕೇಳಬೇಕು. ಇಂದು ನಾನು ಹೇಳಬೇಕೆಂದಿರುವ ಮಾತು ಮುಖ್ಯವಾಗಿ ಇಷ್ಟೆ. ಇದನ್ನು ನಾನು ಕಲಿತದ್ದು ಸ್ವಲ್ಪ ತಡವಾಗಿ.

ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಬೆಕೆರೆಲ್ ಎಂಬ ವಿಜ್ಞಾನಿ 1839ರಲ್ಲಿ ಕಂಡುಕೊಂಡ. ಸಿಲಿಕಾನಿನಿಂದ ಮಾಡಿದ, ಉಪಯೋಗಕ್ಕೆ ಬರುವಂಥ ಸೌರಕೋಶ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾದದ್ದು 1954ರಲ್ಲಿ. ನಮ್ಮ ತಾರಸಿಯ ಫಲಕಗಳು ಅದರ ಸಂತತಿ. ಬಿಸಿಲು ಎಂಬ ಮಾತಿನೊಳಗೇ ಬಿಸಿ ಇರುವುದರಿಂದ, ಸುಡುವ ಬಿಸಿಲಿದ್ದಷ್ಟೂ ಒಳ್ಳೆಯದೆಂದು ನಾವು ಭಾವಿಸುತ್ತೇವೆ. ಫಲಕಕ್ಕೆ ಬೇಕಾದದ್ದು ಬೆಳಕು. ಅದರ ಮೈಬಿಸಿ 25 ಡಿಗ್ರಿಯನ್ನು ಮೀರಿದರೆ ಮುಂದಿನ ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.3ರಿಂದ 0.4ರಷ್ಟು ಉತ್ಪತ್ತಿ ಕುಗ್ಗುತ್ತದೆ. ಆದುದರಿಂದ ಫಲಕವನ್ನು ತಾರಸಿಗೆ ಅಂಟಿಸದೆ ಅಡಿಯಲ್ಲಿ ಗಾಳಿ ಆಡುವಂತೆ ಎತ್ತರಿಸಿ ನಿಲ್ಲಿಸುತ್ತಾರೆ.

ಇನ್ನು ಲೆಕ್ಕಕ್ಕೆ ಬರೋಣ. ಕಿಲೋವಾಟ್ ಬೇರೆ, ಯೂನಿಟ್ಟು ಬೇರೆ. ಕಿಲೋವಾಟ್ ಎಂಬುದು ಕೊಳಾಯಿಯ ಗಾತ್ರ. ಯೂನಿಟ್ಟು ಎಂಬುದು ತುಂಬಿದ ಬಿಂದಿಗೆ. ನಮ್ಮ ನಾಡಿನಲ್ಲಿ ಒಂದು ಕಿಲೋವಾಟಿನ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಕೊಡುತ್ತದೆ ಎಂದು ಹಿಡಿಯಬಹುದು. ಮಾರ್ಚಿಯಲ್ಲಿ ಹೆಚ್ಚು, ಆಷಾಢದ ಮೋಡದಲ್ಲಿ ಕಡಿಮೆ. ಮಲೆನಾಡಿನವರು ಮಳೆಗಾಲದ ತಿಂಗಳುಗಳಿಂದ ಹೆಚ್ಚು ನಿರೀಕ್ಷಿಸಬಾರದು. ಹಾಗಾಗಿ ಒಂದು ತಿಂಗಳ ಬಿಲ್ಲನ್ನು ನೋಡಿ ಯೋಜನೆ ಮಾಡುವುದು, ಒಂದು ಪದ್ಯ ಓದಿ ಕಾವ್ಯದ ಬೆಲೆ ಕಟ್ಟಿದಂತೆ. ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಬೇಕು.

ನಾನು ಹಾಗೆಯೇ ಮಾಡಿದೆ. ಮನೆಯ ವಸ್ತುಗಳನ್ನೆಲ್ಲ ಹಳೆಯ ಡೈರಿಯಲ್ಲಿ ಬರೆದು, ಯಾವುದು ಎಷ್ಟು ವಾಟ್, ದಿನಕ್ಕೆ ಎಷ್ಟು ಗಂಟೆ, ಹಗಲೋ ಇರುಳೋ ಎಂದು ಗುರುತಿಸಿದೆ. ಹಳೆಯ ಫ್ಯಾನೊಂದು 75 ವಾಟ್ ತಿನ್ನುತ್ತಿತ್ತು. ಹೊಸ ಬಗೆಯದು ಅದೇ ಗಾಳಿಗೆ 30 ವಾಟಿನಷ್ಟನ್ನು ಬಳಸುತ್ತದೆ. ನಾಲ್ಕು ಫ್ಯಾನು ಬದಲಾಯಿಸಿದೆ. ಸ್ನಾನದ ನೀರಿಗೆ ಸೌರ ಹಂಡೆ ಮೊದಲೇ ಇತ್ತು. ಬಿಸಿಲಿನಿಂದ ನೇರವಾಗಿ ಕಾಯುವ ನೀರಿಗೆ ವಿದ್ಯುತ್ತನ್ನು ಸುಡುವುದು ದಂಡವೇ ಸರಿ. ಇಷ್ಟರಿಂದ 280 ಯೂನಿಟ್ಟು 240ಕ್ಕೆ ಇಳಿಯಿತು. ಎರಡು ಕಿಲೋವಾಟ್, ದಿನಕ್ಕೆ ನಾಲ್ಕರಂತೆ ಎಂಟು ಯೂನಿಟ್ಟು, ತಿಂಗಳಿಗೆ 240. ಐದು ಕಿಲೋವಾಟಿನ ಮಾತು ಅಲ್ಲಿಗೆ ಮುಗಿಯಿತು. ಉಳಿತಾಯದ ಒಂದು ಯೂನಿಟ್ಟಿಗೆ ಫಲಕವೂ ಬೇಡ, ತಂತಿಯೂ ಬೇಡ.

ಅಕ್ಕನ ಯಂತ್ರ ನಡೆಯುವುದು ಇರುಳಿನಲ್ಲಿ, ಸೂರ್ಯ ಕೊಡುವುದು ಹಗಲಿನಲ್ಲಿ; ಇವೆರಡಕ್ಕೂ ಹೊಂದಿಕೆ ಹೇಗೆ ಎಂದು ತಾವು ಕೇಳಬಹುದು. ಅದಕ್ಕಿರುವುದು ಎರಡು ದಿಕ್ಕಿನಲ್ಲಿಯೂ ಎಣಿಸುವ ಮೀಟರು. ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೈಗಡ ಕೊಟ್ಟು, ಬೇಕಾದಾಗ ಒಂದು ಲೋಟ ತರುವ ರೂಢಿಯನ್ನು ನೆನೆಯಿರಿ. ಹಗಲು ಮಿಕ್ಕದ್ದು ಬೀದಿಯ ತಂತಿಗೆ ಹೋಗುತ್ತದೆ, ಇರುಳು ಬೇಕಾದದ್ದು ಅಲ್ಲಿಂದ ಬರುತ್ತದೆ. ಬಿಲ್ಲು ವ್ಯತ್ಯಾಸಕ್ಕೆ ಮಾತ್ರ. ಆದರೆ ಕೊಟ್ಟದ್ದು ತಂದದ್ದಕ್ಕಿಂತ ಹೆಚ್ಚಾದರೆ ಆ ಹೆಚ್ಚಳಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಮನೆಗೆ ಬೇಕಾದದ್ದನ್ನು ಮೀರಿ ದೊಡ್ಡದಾಗಿ ಹಾಕಿಸುವುದರಲ್ಲಿ ಲಾಭ ಕಾಣದಿರುವುದು ಈ ಕಾರಣದಿಂದ.

ಮುಂದಿನದು ತಾರಸಿ. ಒಂದು ಕಿಲೋವಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಫಲಕ ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು ವಾಲಿದ್ದರೆ ಉತ್ತಮ. ಮೈಸೂರಿಗೆ ಅದು ಸುಮಾರು 12 ಡಿಗ್ರಿ. ಆ ವಾಲಿನಿಂದ ಮಳೆಯ ನೀರು ಧೂಳನ್ನೂ ತೊಳೆದುಕೊಂಡು ಹೋಗುತ್ತದೆ. ನಾನು ಒಂದು ಡಿಸೆಂಬರ್ ದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಮೇಲೆ ಹತ್ತಿ, ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಿಂದ ಗೆರೆ ಎಳೆದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ತಗ್ಗಿರುವುದರಿಂದ ವರ್ಷದ ಅತಿ ಉದ್ದದ ನೆರಳು ಆಗ ಸಿಗುತ್ತದೆ. ಜೂನಿನಲ್ಲಿ ಮತ್ತೆ ನೋಡಿದಾಗ ನಡುಹಗಲಿನ ನೆರಳು ದಕ್ಷಿಣಕ್ಕೆ ಬಿದ್ದಿತ್ತು! ಕರ್ಕ ಸಂಕ್ರಾಂತಿ ವೃತ್ತದ ಒಳಗಿರುವ ನಮಗೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನೆತ್ತಿಗಿಂತ ಉತ್ತರದಲ್ಲಿರುತ್ತಾನೆ. ಅರವತ್ತು ವರ್ಷ ಈ ಬಿಸಿಲಿನಲ್ಲಿ ನಡೆದೂ ನಾನಿದನ್ನು ಗಮನಿಸಿರಲಿಲ್ಲ.

ನೆರಳಿನ ವಿಷಯದಲ್ಲಿ ಇಷ್ಟೇಕೆ ನಿಷ್ಠುರವೆಂದರೆ, ಫಲಕದೊಳಗಿನ ಕೋಶಗಳು ಒಂದರ ಬಾಲ ಒಂದು ಹಿಡಿದಂತೆ ಸಾಲಾಗಿ ಜೋಡಣೆಗೊಂಡಿವೆ. ಕಾಲುವೆಯ ಒಂದು ಕಡೆ ಮಣ್ಣು ಕುಸಿದರೆ ಇಡೀ ಕಾಲುವೆಯ ಹರಿವು ತಗ್ಗುವಂತೆ, ಒಂದೆರಡು ಕೋಶಗಳ ಮೇಲೆ ನೆರಳು ಬಿದ್ದರೂ ಸಾಲಿನ ಉತ್ಪತ್ತಿ ಬಹಳ ಕುಗ್ಗುತ್ತದೆ. ಇದನ್ನು ತಗ್ಗಿಸಲು ಫಲಕದಲ್ಲೇ ಕೆಲವು ಏರ್ಪಾಡುಗಳುಂಟು. ಆದರೂ ನೆರಳಿಲ್ಲದ ಜಾಗವನ್ನು ಹುಡುಕುವುದೇ ಮೇಲು.

ಇಲ್ಲಿ ಎರಡು ಆಕ್ಷೇಪಣೆಗಳು ಬಂದವು. ಮೊದಲನೆಯದು ನನ್ನ ಹೆಂಡತಿಯದು: "ಫಲಕ ಹಾಸಿಬಿಟ್ಟರೆ ಹಪ್ಪಳ ಸಂಡಿಗೆ ಎಲ್ಲಿ ಒಣಗಿಸಲಿ?" ನ್ಯಾಯವಾದ ಪ್ರಶ್ನೆ. ಸೂರ್ಯನ ಮೇಲೆ ಅವಳ ಹಕ್ಕು ನನ್ನದಕ್ಕಿಂತ ಹಳೆಯದು. ಎರಡನೆಯದು ದಕ್ಷಿಣದ ನೆರೆಮನೆಯವರದು. ಅವರು ಮೇಲಂತಸ್ತು ಕಟ್ಟಲು ನಕ್ಷೆ ಮಾಡಿಸಿದ್ದರು. ನನ್ನ ತಾರಸಿಯ ದಕ್ಷಿಣದ ಅಂಚಿನಲ್ಲಿ ಫಲಕ ನಿಲ್ಲಿಸಿದ್ದರೆ, ಮರುವರ್ಷವೇ ಅವರ ಗೋಡೆ ಅದಕ್ಕೆ ನೆರಳಾಗುತ್ತಿತ್ತು. ನಿವೇಶನಕ್ಕೆ ಖಾತೆಯುಂಟು, ಬಿಸಿಲಿಗೆ ಖಾತೆಯೆಲ್ಲಿದೆ? ಹೋಗಿ ಕೇಳಿದೆ. "ಮಗಳ ಮದುವೆ ಗೊತ್ತಾಗಿದೆ ಮೇಷ್ಟ್ರೇ, ಅಳಿಯ ಮಗಳು ಬಂದರೆ ಇರೋಕೆ ಎರಡು ಕೋಣೆ ಬೇಕು" ಎಂದರು. ಅವರಿಗೆ ಬೇಡವೆನ್ನಲು ನಾನಾರು? ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ನನ್ನ ಫಲಕಕ್ಕಿಂತ ಹತ್ತಡಿ ಎತ್ತರದ ಗೋಡೆ ಡಿಸೆಂಬರಿನ ನಡುಹಗಲಿನಲ್ಲಿ ಸುಮಾರು ಏಳಡಿ ನೆರಳು ಚೆಲ್ಲುತ್ತದೆ. ಬೆಳಗ್ಗೆ ಸಂಜೆ ಇನ್ನೂ ಉದ್ದ. ಫಲಕಗಳನ್ನು ತಾರಸಿಯ ಉತ್ತರದ ತುದಿಗೆ ಸರಿಸಿ, ಆಳೆತ್ತರದ ಕಬ್ಬಿಣದ ಕಂಬಗಳ ಮೇಲೆ ನಿಲ್ಲಿಸಿದೆವು. ದಕ್ಷಿಣದ ಭಾಗ ಸಂಡಿಗೆಗೆ ಉಳಿಯಿತು. ನೆರೆಯವರ ಕೋಣೆಗಳೂ ಎದ್ದವು.

ಹಣದ ಮಾತನ್ನೂ ಹೇಳಿಬಿಡುತ್ತೇನೆ. ಮನೆಗಳ ತಾರಸಿಗಾಗಿ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟಿನಲ್ಲಿ 78,000 ರೂಪಾಯಿಗೆ ಮೀರದ ಸಹಾಯಧನವನ್ನು ಗೊತ್ತುಮಾಡಿದರು. ನಾನು ಅದೇ ವರ್ಷ ಅರ್ಜಿ ಹಾಕಿ, ಮರುವರ್ಷದ ಆರಂಭದಲ್ಲಿ ಕೆಲಸ ಮುಗಿಸಿದೆ. ನನ್ನ ಎರಡು ಕಿಲೋವಾಟಿಗೆ ಬಂದ ದರಪಟ್ಟಿ 1,40,000 ರೂಪಾಯಿ. ಸಹಾಯಧನ 60,000 ಕಳೆದು ಕೈಯಿಂದ ಹೋದದ್ದು 80,000. ವರ್ಷಕ್ಕೆ 2,900 ಯೂನಿಟ್ಟು, ಯೂನಿಟ್ಟಿಗೆ ಆರು ರೂಪಾಯಿಯಂತೆ ಸುಮಾರು 17,000 ಉಳಿತಾಯ. ಹಾಕಿದ ಹಣ ಐದು ವರ್ಷದೊಳಗೆ ಮರಳಬೇಕು. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷದ ಭರವಸೆ ಇರುತ್ತದೆ. ಇನ್‌ವರ್ಟರನ್ನು ಮಾತ್ರ ನಡುವೆ ಒಮ್ಮೆ ಬದಲಾಯಿಸಬೇಕಾದೀತೆಂದು ಮೊದಲೇ ಎಣಿಸಿಡುವುದು ಲೇಸು. ಉಚಿತ ಮಿತಿಯೊಳಗೇ ಬಾಳುವ ಸಣ್ಣ ಸಂಸಾರಕ್ಕೆ ಬರಿಯ ಹಣದ ದೃಷ್ಟಿಯಿಂದ ಇದು ಅವಸರದ ಕೆಲಸವಲ್ಲ ಎಂದೂ ಪ್ರಾಮಾಣಿಕವಾಗಿ ಹೇಳಬೇಕು.

ವ್ಯಾಪಾರ ಉದ್ಯಮಗಳವರ ಲೆಕ್ಕ ಬೇರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮುದ್ರಣಾಲಯ ನಡೆಸುತ್ತಾನೆ. ಅವನ ಯಂತ್ರಗಳು ಓಡುವುದು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಸೂರ್ಯನ ವೇಳೆಗೆ ಸರಿಯಾಗಿ. ಅವನಿಗೆ ಈ ಸಹಾಯಧನವಿಲ್ಲ. ಆದರೆ ವಾಣಿಜ್ಯದ ದರ ಮನೆಯ ದರಕ್ಕಿಂತ ಹೆಚ್ಚಾದುದರಿಂದ ಉಳಿಯುವ ಒಂದೊಂದು ಯೂನಿಟ್ಟಿಗೂ ಬೆಲೆ ಹೆಚ್ಚು. ಹಿಟ್ಟಿನ ಗಿರಣಿ, ಹೊಲಿಗೆಯ ಕಾರ್ಖಾನೆ ಇವಕ್ಕೂ ಇದೇ ಮಾತು ಸಲ್ಲುತ್ತದೆ. ಸಂಜೆ ತೆರೆಯುವ ಹೋಟೆಲಿಗೆ ಸಲ್ಲುವುದಿಲ್ಲ. ಎಷ್ಟು ಎಂಬ ಪ್ರಶ್ನೆಗಿಂತ ಯಾವಾಗ ಎಂಬ ಪ್ರಶ್ನೆ ಮುಂದಿರಬೇಕೆಂದು ನಾನು ಹೇಳುವುದು ಇದಕ್ಕೇ.

ಇಷ್ಟೆಲ್ಲ ಲೆಕ್ಕ ಹಾಕಿದ ನಾನೇ ಆ ಪ್ರಶ್ನೆಯನ್ನು ಮರೆತ ಕಥೆಯನ್ನು ಈಗ ಹೇಳಬೇಕು. ನಮ್ಮ ಮನೆಯಲ್ಲಿ ಬ್ಯಾಟರಿಯ ಹಳೆಯ ಇನ್‌ವರ್ಟರೊಂದಿತ್ತು. ಫಲಕ ಕೂರಿಸಲು ಬಂದವರು, "ಇನ್ನು ಇದರ ಅಗತ್ಯವೇ ಇಲ್ಲ" ಎಂದರು. ತಾರಸಿಯ ಮೇಲೆ ಸೂರ್ಯನನ್ನೇ ಕಟ್ಟಿಹಾಕಿದ್ದೇನಲ್ಲ, ನಿಜವಿರಬೇಕೆಂದು ಅದನ್ನು ಗುಜರಿಗೆ ಕೊಟ್ಟುಬಿಟ್ಟೆ. 2025ರ ಏಪ್ರಿಲ್ ತಿಂಗಳ ಒಂದು ದಿನ. ಹಿಂದಿನ ಸಂಜೆ ಗಾಳಿಮಳೆ ಬಂದು ಹೋಗಿತ್ತು. ಬೆಳಗ್ಗೆ ತಿಳಿಯಾದ ಬಿಸಿಲು. ಹನ್ನೊಂದು ಗಂಟೆಯ ಹೊತ್ತಿಗೆ, ಗಾಳಿಗೆ ಸೀಳಿ ನಿಂತಿದ್ದ ಕೊಂಬೆಯೊಂದು ಬೀದಿಯ ತಂತಿಯ ಮೇಲೆ ಬಿತ್ತು. ಕರೆಂಟು ಹೋಯಿತು. ಅಕ್ಕನ ಯಂತ್ರ ಒಮ್ಮೆ ಕೂಗಿ ನಿಂತಿತು. ನನಗೆ ಗಾಬರಿಯಾಗಲಿಲ್ಲ, ಮೇಲೆ ಸೂರ್ಯನಿದ್ದಾನಲ್ಲ! ಒಂದು ನಿಮಿಷ ಕಾದೆ, ಎರಡು ನಿಮಿಷ ಕಾದೆ. ಬರಲಿಲ್ಲ. ಅಕ್ಕನ ತುಟಿ ಬಿಳಿಚಿಕೊಳ್ಳುತ್ತಿತ್ತು. ವೈದ್ಯರು ಹೇಳಿದ್ದಕ್ಕೆ ತಂದಿಟ್ಟಿದ್ದ ಸಣ್ಣ ಸಿಲಿಂಡರನ್ನು ನನ್ನ ಹೆಂಡತಿ ಓಡಿಹೋಗಿ ತೆರೆದಳು. ಆ ಸಿಲಿಂಡರು ಇಲ್ಲದಿದ್ದರೆ ಈ ಭಾಷಣವೂ ಇರುತ್ತಿರಲಿಲ್ಲ.

ಅಕ್ಕ ಸುಧಾರಿಸಿಕೊಂಡ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೀದಿಗೆ ಹೋದೆ. ಲೈನ್‌ಮನ್ ಕಂಬದ ಮೇಲಿದ್ದ. ಅವನು ಇಳಿದು ಬಂದ ಕೂಡಲೇ, "ನನ್ನ ತಾರಸಿಯ ಮೇಲೆ ಎರಡು ಕಿಲೋವಾಟ್ ಇದೆ, ಇಂಥ ಬಿಸಿಲಿದೆ, ನನ್ನ ಮನೆ ಯಾಕೆ ಕತ್ತಲೆಯಾಗಬೇಕು?" ಎಂದು ಗದರಿದೆ. ಮೂವತ್ತು ದಾಟದ ಹುಡುಗ. ಬೆವರು ಒರೆಸಿಕೊಂಡು ಹೇಳಿದ: "ಸಾರ್, ಕರೆಂಟು ತೆಗೆದಿದ್ದೀವಿ ಅಂತ ನಂಬಿ ನಾನು ಅಲ್ಲಿ ತಂತಿ ಹಿಡಿದಿದ್ದೆ. ಆಗ ನಿಮ್ಮ ಮನೆಯಿಂದ ಕರೆಂಟು ಬಂದಿದ್ದರೆ ನಾನು ಕೆಳಗೆ ಬರ್ತಾ ಇರಲಿಲ್ಲ. ಅದಕ್ಕೇ ಲೈನು ಹೋದ ತಕ್ಷಣ ನಿಮ್ಮ ಇನ್‌ವರ್ಟರೂ ನಿಲ್ಲೋ ಹಾಗೆ ಮಾಡಿರೋದು."

ಅವನ ಮಾತು ಅಕ್ಷರಶಃ ನಿಜವೆಂದು ಆಮೇಲೆ ತಿಳಿದುಕೊಂಡೆ. ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಮನೆಯ 230ಕ್ಕೆ ಇಳಿಸುತ್ತದೆ. ಮನೆಯ ಕಡೆಯಿಂದ ವಿದ್ಯುತ್ತು ನುಗ್ಗಿದರೆ ಅದೇ ಟ್ರಾನ್ಸ್‌ಫಾರ್ಮರು ಅದನ್ನು ತಿರುವುಮುರುವಾಗಿ ಏರಿಸಬಲ್ಲದು. ಬೀದಿಯ ತಂತಿಗೆ ಹೊಂದಿಕೊಂಡ ಇನ್‌ವರ್ಟರು ಲೈನಿನಲ್ಲಿ ವಿದ್ಯುತ್ತಿಲ್ಲದಿದ್ದಾಗ ತಾನೂ ಕಣ್ಣು ಮುಚ್ಚಲೇಬೇಕು. ಅದು ದೋಷವಲ್ಲ, ಧರ್ಮ. ಆ ಧರ್ಮವನ್ನು ನನಗೆ ಮೊದಲೇ ತಿಳಿಸದಿದ್ದವರದು ತಪ್ಪು. ಕೇಳದಿದ್ದ ನನ್ನದು ಇನ್ನೂ ದೊಡ್ಡ ತಪ್ಪು. ಒಬ್ಬ ತಾಯಿಯ ಮಗ ಕಂಬದ ಮೇಲೆ ಉಸಿರಾಡುತ್ತಿರಲೆಂದು ಮಾಡಿದ ಏರ್ಪಾಡನ್ನು ಅವನ ಎದುರಿಗೇ ನಿಂತು ಬೈದಿದ್ದೆ. ಮನೆಗೆ ಕರೆದು ಮಜ್ಜಿಗೆ ಕೊಟ್ಟು ಕಳುಹಿಸಿದೆ. ತಪ್ಪಾಯಿತೆಂಬ ಮಾತನ್ನೂ ಹೇಳಿದೆ.

ಆ ವಾರವೇ ಅಕ್ಕನ ಕೋಣೆಗೆ ಪ್ರತ್ಯೇಕ ತಂತಿ ಎಳೆಸಿ, ಬ್ಯಾಟರಿಯ ಇನ್‌ವರ್ಟರು ಹಾಕಿಸಿದೆ. ಯಂತ್ರ, ಫ್ಯಾನು, ಒಂದು ದೀಪ ಸೇರಿ 400 ವಾಟ್. ನಾಲ್ಕು ಗಂಟೆಗೆ 1.6 ಯೂನಿಟ್ಟು. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳಲ್ಲಿ ಬರಹಕ್ಕೆ 3.6 ಯೂನಿಟ್ಟು ಇರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಷ್ಯ ಕುಂದುವುದರಿಂದ ಕೈಗೆ ಸಿಗುವುದು ಅದರ ಅರ್ಧ, ಹೆಚ್ಚುಕಡಿಮೆ ನಮಗೆ ಬೇಕಾದ ನಾಲ್ಕು ಗಂಟೆ. ಇಡೀ ಮನೆಗೆ ಬ್ಯಾಟರಿ ಕಟ್ಟಲು ಹೋದರೆ ಖರ್ಚು ಬೆಟ್ಟವಾಗುತ್ತದೆ. ಯಾವುದು ನಿಂತರೆ ಪ್ರಾಣಕ್ಕೆ ಸಂಚಕಾರವೋ ಅದಕ್ಕೆ ಮಾತ್ರ ಕಟ್ಟಿದರೆ ಸಾಕು. ಫಲಕ, ಬ್ಯಾಟರಿ, ಬೀದಿಯ ತಂತಿ ಮೂರನ್ನೂ ಸಂಭಾಳಿಸುತ್ತ, ಕರೆಂಟು ಹೋದಾಗ ಮನೆಯನ್ನು ಬೀದಿಯಿಂದ ತಾನೇ ಬೇರ್ಪಡಿಸಿಕೊಳ್ಳುವ ಇನ್‌ವರ್ಟರುಗಳೂ ಉಂಟು. ಹೊಸದಾಗಿ ಹಾಕಿಸುವವರು ಅದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ಆಮೇಲೆ ಬದಲಾಯಿಸುವುದು ಎರಡು ಖರ್ಚು. ಇವೆಲ್ಲ ಆದ ಮೇಲೂ ಸಿಲಿಂಡರು ಅದರ ಜಾಗದಲ್ಲಿಯೇ ಇದೆ.

ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಅಂದಿನಿಂದ ನಾವು ಗುಂಡಿ ಒತ್ತಿದವರೇ ಹೊರತು ಅದು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ ಎಂದು ಕೇಳಿದವರಲ್ಲ. ತಾರಸಿಯ ಮೇಲೆ ಎರಡು ಕಿಲೋವಾಟ್ ಕೂರಿಸಿಕೊಂಡ ಮೇಲೆ ನನಗೆ ಆಕಾಶದ ಮೋಡ, ನೆರೆಯವರ ಗೋಡೆ, ಕಂಬದ ಮೇಲಿನ ಹುಡುಗ ಎಲ್ಲರೂ ಲೆಕ್ಕಕ್ಕೆ ಬಂದರು. ಆದುದರಿಂದ ವ್ಯಾಪಾರಿಯನ್ನು ಕರೆಯುವ ಮೊದಲು ನಿಮ್ಮ ಮನೆಯನ್ನೇ ಮೂರು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಬೇಕು? ನೆರಳು ಎಲ್ಲಿ ಬೀಳುತ್ತದೆ, ಮುಂದೆ ಎಲ್ಲಿ ಬಿದ್ದೀತು? ಕರೆಂಟು ಹೋದಾಗ ಯಾವುದು ನಿಲ್ಲಕೂಡದು? ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಆಮೇಲೆ ದರಪಟ್ಟಿ ಕೇಳಿ.

ಈಗ ಅಕ್ಕ ಇರುಳು ಯಂತ್ರವನ್ನು ಆರಿಸುವುದಿಲ್ಲ. ಬೆಳಗ್ಗೆ ಅಂಗಳದ ತುಳಸಿಗೆ ನೀರೆರೆದು ಸೂರ್ಯನಿಗೆ ಕೈಮುಗಿಯುವಾಗ ತಾರಸಿಯ ಕಡೆಗೂ ಒಮ್ಮೆ ನೋಡುತ್ತಾಳೆ. ಮೊನ್ನೆ ಮೋಡ ಕವಿದಿತ್ತು. "ಇವತ್ತು ಎಷ್ಟು ಬಂತೋ?" ಎಂದು ಕೇಳಿದಳು. "ಮೂರೇ ಯೂನಿಟ್ಟು ಅಕ್ಕ" ಎಂದೆ. "ಪರವಾಗಿಲ್ಲ, ಮೊನ್ನೆ ಕೊಟ್ಟಿದ್ದು ಲೆಕ್ಕದಲ್ಲಿದೆಯಲ್ಲ" ಎಂದು ನಕ್ಕಳು.